ಎಡಬಲ ಕೇಳದ ಬಂದೂಕು

ಸೇಲಂನ ಎರಡನೇ ಅಗ್ರಹಾರದಲ್ಲಿ ಬಂದೂಕಿನ ವಿಷಯವಾಗಿ ಯಾರಿಗೆ ಏನು ಸಂದೇಹ ಬಂದರೂ ಸೇತುಮಾಧವರಾಯರ ಜಗಲಿಗೇ ಬರಬೇಕಿತ್ತು. ಸಾರಿನ ಪುಡಿ, ಪಂಚಾಂಗ, ಜಾತಕಗಳಲ್ಲೇ ಮುಳುಗಿದ್ದ ಆ ಬೀದಿಗೆ ಬಂದೂಕಿನ ಸಂದೇಹ ಹತ್ತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಆ ಮಾತು ಬೇರೆ. ಆದರೂ ರಾಯರ ಕೀರ್ತಿಗೆ ಅದರಿಂದ ಕುಂದೇನೂ ಬಂದಿರಲಿಲ್ಲ. ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ಬಂದೂಕು ಲೈಸೆನ್ಸಿನ ಗುಮಾಸ್ತರು. ಜಿಲ್ಲೆಯಲ್ಲಿ ಯಾರ ಮನೆಯ ಮೂಲೆಯಲ್ಲಿ ಎಂಥ ಬಂದೂಕು ನಿಂತಿದೆ, ಅದರ ನಳಿಗೆ ಎಷ್ಟು ಅಂಗುಲ, ಅದರ ನಂಬರು ಎಷ್ಟು, ಎಲ್ಲವೂ ಅವರಿಗೆ ಬಾಯಿಪಾಠ. ಒಂದೇ ಒಂದು ಕೊರತೆಯೆಂದರೆ, ಅವರು ಅಲ್ಲಿಯವರೆಗೆ ಬಂದೂಕನ್ನು ಮುಟ್ಟಿರಲಿಲ್ಲ.

ಇದು ಬೀದಿಗೆ ಗೊತ್ತಿರಲಿಲ್ಲ. ಬೀದಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯೂ ಇತ್ತು. ರಾಯರು ಹುಟ್ಟಾ ಎಡಚರು.

ಚಿಕ್ಕಂದಿನಲ್ಲಿ ಎಡಗೈಯನ್ನು ತಟ್ಟೆಗೆ ಹಾಕಿದಾಗಲೆಲ್ಲ ತಾಯಿ ತುಂಗಾಬಾಯಿ ಆ ಕೈಯನ್ನು ಹಳೇ ಸೀರೆಯ ಚೂರಿನಿಂದ ಕಂಬಕ್ಕೆ ಕಟ್ಟಿ ಊಟ ಮಾಡಿಸಿದ್ದರು. ಎಂಟನೇ ವರ್ಷದಲ್ಲಿ ಉಪನಯನವಾದ ದಿನ ಮಗನಿಂದ ಪಾದ ಮುಟ್ಟಿಸಿಕೊಂಡು ಮಾತು ತೆಗೆದುಕೊಂಡಿದ್ದರು: "ನಾನಿರೋವರೆಗೂ ನಾಲ್ಕು ಜನರ ಎದುರು ಎಡಗೈ ಮುಂದು ಮಾಡಲ್ಲ ಅನ್ನು." ಹುಡುಗ ಅಂದಿದ್ದ. ಅಂದದ್ದನ್ನು ಮೂವತ್ತೊಂಬತ್ತು ವರ್ಷ ನಡೆಸಿಕೊಂಡು ಬಂದಿದ್ದ. ಬಲಗೈಯಲ್ಲಿ ಬರೆದ ಅವರ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಕಚೇರಿಯಲ್ಲಿ ಅದನ್ನು ಅನುಭವದ ಗುರುತೆಂದು ತಿಳಿದಿದ್ದರು. ಬಲಗೈಯಲ್ಲಿ ಕಲಸಿದ ಹುಳಿಯನ್ನ ಅರ್ಧ ಬಾಯಿಗೆ, ಅರ್ಧ ಎಲೆಯಾಚೆಗೆ ಹೋಗುತ್ತಿತ್ತು. ಬೀಗರ ಮನೆಗಳಲ್ಲಿ ಅದನ್ನು ವೈರಾಗ್ಯವೆಂದು ಕೊಂಡಾಡುತ್ತಿದ್ದರು. ಹೆಂಡತಿ ಕಮಲಿನಿಗೂ ರಾಯರು ಹೇಳಿರಲಿಲ್ಲ. ತಾಯಿಗೆ ಕೊಟ್ಟ ಮಾತು ಮುರಿದರೆ ಮುಖ ಎತ್ತಿ ಹೇಗೆ ಓಡಾಡುವುದೆಂಬ ಭಯ ಅವರಿಗೆ ನಿಜವಾಗಿಯೂ ಇತ್ತು.

ತುಂಗಾಬಾಯಿ ಅಂಥ ತಾಯಿ. ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು, ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಮಡಿಯಲ್ಲಿ ಅಡುಗೆಮನೆ ಹೊಕ್ಕರೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ಅಡುಗೆ ಮುಗಿಯುವವರೆಗೆ ಸೊಸೆಯೂ ಒಳಗೆ ಇಣುಕುವ ಹಾಗಿರಲಿಲ್ಲ. ಮುಗಿದ ಮೇಲೆ ಪಾತ್ರೆಗಳು ಹೊಸ್ತಿಲ ಬಳಿ ಬಂದು ಕೂರುತ್ತಿದ್ದವು, ಬಡಿಸುವ ಕೆಲಸ ಕಮಲಿನಿಯದು. ಆ ಮಡಿಗೆ ಇಡೀ ಅಗ್ರಹಾರವೇ ತಲೆಬಾಗುತ್ತಿತ್ತು.

ಸಾವಿರದ ಒಂಬೈನೂರ ಐವತ್ತನಾಲ್ಕರ ಒಂದು ಭಾನುವಾರ ಬೆಳಿಗ್ಗೆ ಈ ಮನೆಯ ಜಗಲಿಗೆ ಮುನಿವೆಂಕಟಪ್ಪ ಬಂದ. ನಂಗವಳ್ಳಿಯ ಹತ್ತಿರ ಕುರಿ ಸಾಕಿಕೊಂಡಿದ್ದವನು. ಮೇಚೇರಿ ಸಂತೆಯಲ್ಲಿ ಅವನ ಕುರಿಗೆ ಹೆಸರಿತ್ತು. ಕೈಯಲ್ಲಿ ಹೊಸ ಬಂದೂಕಿನ ಲೈಸೆನ್ಸು. ಅದನ್ನು ಬರೆದದ್ದು ರಾಯರೇ ಆದ್ದರಿಂದ ಅದನ್ನು ಓದಿಸಿಕೊಳ್ಳಲೂ ಅವರ ಹತ್ತಿರವೇ ಬಂದಿದ್ದ.

"ಸಾಮಿ, ಈ ವರ್ಸ ಅನ್ನೊಂದು ಮರಿ ಓತು. ನರಿ ಅಗಲೊತ್ತೇ ಬತ್ತೈತೆ, ಬೀಗರ ಮನೆಗೆ ಬಂದಂಗೆ. ನಾಯಿ ಬೊಗಳಿದ್ರೆ ನಿಂತ್ಕಂಡು ಕೇಳ್ತೈತೆ. ಕಾಗದ ಕೊಟ್ರಿ, ಸರಿ. ಬಂದೂಕ ಯಾವ್ದು ತಗಳ್ಳಿ? ಅದ್ನೂ ನೀವೇ ನೋಡಿ ಕೊಡಿಸ್ಬೇಕು."

"ಚಿಕ್ಕ ಬೋರಿನ ರೈಫಲು ಅಂತ ಬರ್ದಿದೆಯಲ್ಲಪ್ಪ. ಪಾಯಿಂಟ್ ಟ್ವೆಂಟಿ ಟೂ. ಪೆನ್ಸಿಲು ಗಾತ್ರದ ತೋಟಾ. ನರಿಗೆ ಅದು ಸಾಕು."

"ಅದ್ರಾಗೂ ಜಾತಿ ಐತಂತೆ. ಅಂಗಡಿಯೋರು ಏನೋ ಏಳಿದ್ರು, ತಲೆಗೆ ಓಗ್ನಿಲ್ಲ."

ಈ ಮಾತು ನಡೆಯುವಾಗ ಉಯ್ಯಾಲೆಯ ಮೇಲೆ ಕಾಫಿ ಕುಡಿಯುತ್ತ ಕುಳಿತಿದ್ದವನು ಕಮಲಿನಿಯ ತಮ್ಮ ಬದರೀನಾಥ. ಪುಣೆಯ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಹದಿನಾಲ್ಕು ವರ್ಷ ಸಿಪಾಯಿಗಳ ಬೂಟು ಕಂಬಳಿಗಳ ಪಟ್ಟಿ ಬರೆದು ಬಂದವನು. ಆ ಹದಿನಾಲ್ಕು ವರ್ಷ ಕಿಟಕಿಯಾಚೆ ಕವಾಯತು ನೋಡಿದ್ದರಿಂದ ಅವನ ಮಾತಿನಲ್ಲಿ ಒಂದು ಕಮಾಂಡಿನ ಗತ್ತು ಬಂದುಬಿಟ್ಟಿತ್ತು.

"ಬೋಲ್ಟ್ ಆಕ್ಷನ್!" ಎಂದ ಬದರಿ, ಲೋಟ ಕೆಳಗಿಟ್ಟು. "ಪುಣೆಯಲ್ಲಿ ಎಲ್ಲಾ ಬೋಲ್ಟೇ. ಇದರಲ್ಲಿ ಯೋಚನೆ ಮಾಡೋಕೇನಿದೆ? ಭಾವನಿಗೆ ಬಂದೂಕು ಅಂದ್ರೆ ಫೈಲು. ನಾನು ಕಣ್ಣಾರೆ ಕಂಡೋನು."

ಭಾವನವರಿಗೆ ಇದು ಚುಚ್ಚಿತು. ತಮ್ಮ ಜಗಲಿಯಲ್ಲಿ, ತಮ್ಮ ಕಕ್ಷಿದಾರನ ಎದುರು, ತಮ್ಮ ಇಪ್ಪತ್ತೆರಡು ವರ್ಷದ ಪಾಂಡಿತ್ಯಕ್ಕೆ ಹೆಂಡತಿಯ ತಮ್ಮ ಕೈ ಹಾಕಿದ್ದ. "ಅಂಗಡೀಲಿ ನೋಡೋಣ. ನಾನೇ ಬರ್ತೀನಿ ಮುನಿವೆಂಕಟಪ್ಪ" ಎಂದುಬಿಟ್ಟರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು, ಆದರೆ ಮಾತು ಆಗಲೇ ಜಗಲಿ ಇಳಿದಿತ್ತು.

ಅರುಣಾಚಲಂ ಅವರ ಬಂದೂಕಿನ ಅಂಗಡಿ ಪೇಟೆಯ ಒಂದು ಗಲ್ಲಿಯಲ್ಲಿತ್ತು. ಏರ್ಕಾಡಿನ ಕಾಫಿ ತೋಟಗಳ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಊರಿಗೆ ಹಡಗು ಹತ್ತುತ್ತಿದ್ದ ಕಾಲ ಅದು. ಅವರು ಬಿಟ್ಟುಹೋದ ಕುರ್ಚಿ, ಗ್ರಾಮೋಫೋನು, ಬಂದೂಕುಗಳಲ್ಲಿ ಬಂದೂಕು ಮಾತ್ರ ಅರುಣಾಚಲಂ ಪಾಲಿಗೆ ಬರುತ್ತಿತ್ತು.

"ವಾಂಗ ಸಾರ್, ವಾಂಗ! ನೀವೇ ಬಂದ್ರಾ! ಉಕ್ಕಾರುಂಗ!" ಅರುಣಾಚಲಂ ಕುರ್ಚಿಯನ್ನು ತಮ್ಮ ಪಂಚೆಯ ತುದಿಯಿಂದಲೇ ಒರೆಸಿದರು. ಮೂರು ಸಣ್ಣ ರೈಫಲುಗಳನ್ನು ಮೇಜಿನ ಮೇಲಿಟ್ಟರು. ಎರಡು ಬೋಲ್ಟಿನವು: ಬಲಗಡೆ ಒಂದು ಚಿಲಕ, ಅದನ್ನು ಎತ್ತಿ ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ಮಡಚಬೇಕು, ಆಗ ತೋಟಾ ಕೂರುತ್ತದೆ. ಮೂರನೆಯದಕ್ಕೆ ಚಿಲಕವಿಲ್ಲ. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಯ ಹಿಂದೆ, ಹೊಟ್ಟೆಯ ಕೆಳಗೆ ಕಬ್ಬಿಣದ ಉದ್ದನೆಯ ಬಳೆಯಂಥ ಹಿಡಿ. ಅದನ್ನು ಕೆಳಕ್ಕೆಳೆದು ಮೇಲಕ್ಕೆ ತಂದರೆ ಹಳೇ ತೋಟಾ ಮೇಲಿನಿಂದ ಹಾರಿಹೋಗಿ ಹೊಸದು ಒಳಗೆ ಬರುತ್ತದೆ.

"ಇದು ಲಿವರ್ ಸಾರ್. ಅಮೆರಿಕಾ ಸಾಮಾನು. ಏರ್ಕಾಡು ದೊರೈದು."

ಮುನಿವೆಂಕಟಪ್ಪ ಬಂದೂಕುಗಳನ್ನು ತನಗೆ ಗೊತ್ತಿದ್ದ ರೀತಿಯಲ್ಲೇ ಪರೀಕ್ಷೆ ಮಾಡಿದ. ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದ. ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ. ಬಾಯೊಳಗೆ ಇಣುಕಿ ಹಲ್ಲು ಎಣಿಸುವವನಂತೆ ನಳಿಗೆಗೆ ಕಣ್ಣಿಟ್ಟಾಗ ಅರುಣಾಚಲಂ ಅಡ್ಡಬಂದು ತಿರುಗಿಸಿದರು. ಲಿವರಿನ ಬಂದೂಕನ್ನು ನೋಡಿ ಅವನ ಮುಖ ಅರಳಿತು.

"ಇದು ಎಣ್ಣು ಸಾಮಿ. ಒಟ್ಟೆ ಕೆಳಗೆ ಕೆಚ್ಚಲೈತೆ."

"ಕೆಚ್ಚಲಲ್ಲಪ್ಪ, ಲಿವರು."

"ಕರೆಯೋದು ಕೆಳಕ್ಕೆ ತಾನೆ?"

ಅರುಣಾಚಲಂ ಬೋಲ್ಟಿನ ಬಂದೂಕೊಂದನ್ನು ರಾಯರ ಕೈಗೆ ಕೊಟ್ಟರು. "ಸಾರ್, ನೀವು ಹಿಡ್ದು ನೋಡಿ ಹೇಳಿ. ನಿಮ್ಮ ಮುಂದೆ ನಾನೇನು ಹೇಳ್ಲಿ?"

ರಾಯರು ಅದನ್ನು ಬಲಭುಜಕ್ಕಿಟ್ಟರು. ಈಗ ಎಡಗಣ್ಣು ಮುಚ್ಚಬೇಕು. ರಾಯರಿಗೆ ಮುಚ್ಚುತ್ತಿದ್ದುದು ಬಲಗಣ್ಣೊಂದೇ. ಒಂದು ಮುಚ್ಚಲು ಹೋಗಿ ಎರಡೂ ಮುಚ್ಚಿ ಗಳಿಗೆ ಹೊತ್ತು ನಿಂತರು. ಅರುಣಾಚಲಂ ಅದನ್ನು ಏಕಾಗ್ರತೆಯೆಂದುಕೊಂಡು ಉಸಿರು ಬಿಗಿಹಿಡಿದರು. ಆಮೇಲೆ ತೋಟಾದ ಡಬ್ಬಿ ತರಲು ಅವರು ಒಳಗೆ ಹೋದರು. ಬೀದಿಯಲ್ಲಿ ಯಾರದೋ ಕುರಿಮಂದೆ ಬಂದದ್ದರಿಂದ ಮುನಿವೆಂಕಟಪ್ಪ ಅಂಗಡಿಯ ಬಾಗಿಲಿಗೆ ಹೋಗಿ, ಕುರಿಯವನಿಗೆ ಎರಡು ಬುದ್ಧಿಮಾತು ಹೇಳತೊಡಗಿದ.

ರಾಯರು ಅತ್ತಿತ್ತ ನೋಡಿದರು. ಲಿವರಿನದನ್ನು ಎತ್ತಿಕೊಂಡರು. ಕಳ್ಳನಂತೆ ಎಡಭುಜಕ್ಕಿಟ್ಟರು. ಬಲಗಣ್ಣು ತಾನಾಗಿಯೇ ಮುಚ್ಚಿತು. ಎಡಗೈ ಆ ಬಳೆಯೊಳಗೆ ಹೋಗಿ ಕೆಳಕ್ಕೆಳೆದು ಮೇಲಕ್ಕೆ ತಂದಿತು, ಚಟಕ್ ಚಟಕ್. ಬರೆಯುವ ಟಾಕು, ತಿನ್ನುವ ಅನ್ನ, ಹಿಡಿಯುವ ಆರತಿ ತಟ್ಟೆ, ಯಾವುದೂ ನಲವತ್ತು ವರ್ಷದಲ್ಲಿ ಅವರ ಕೈಗೆ ಇಷ್ಟು ಸಲೀಸಾಗಿ ಒಗ್ಗಿರಲಿಲ್ಲ. ಈ ಸಾಮಾನಿಗೆ ಎಡವೂ ಒಂದೇ, ಬಲವೂ ಒಂದೇ. ರಾಯರಿಗೆ ಹೇಳಲಾರದಷ್ಟು ಸಂತೋಷವಾಯಿತು.

ಹೆಜ್ಜೆಯ ಸದ್ದಾಗುತ್ತಲೇ ಬಂದೂಕನ್ನು ಕೆಳಗಿಟ್ಟು ಕೆಮ್ಮಿದರು.

"ಲಿವರೇ" ಎಂದು ಘೋಷಿಸಿದರು. "ಬೋಲ್ಟು ಅಂದ್ರೆ ಬಾಗಿಲ ಚಿಲಕ ಕಣಯ್ಯ ಮುನಿವೆಂಕಟಪ್ಪ. ನೀನು ಚಿಲಕ ತೆಗೆದು ಹಾಕೋಷ್ಟರಲ್ಲಿ ನರಿ ಓಮಲೂರು ದಾಟಿರುತ್ತೆ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಿಜವಾದ ಕಾರಣವನ್ನು ಮುಚ್ಚಿಡುವವರಿಗೆ ಸುಳ್ಳು ಕಾರಣ ಒಂದೇ ಸಾಕೆಂದು ಅನ್ನಿಸುವುದಿಲ್ಲ. ಒಣಭೂಮಿಯ ಧೂಳು ಬೋಲ್ಟಿಗೆ ಆಗುವುದಿಲ್ಲವೆಂದರು. ನರಿಗಳು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಓಡುತ್ತವೆಂದರು. ಏರ್ಕಾಡಿನ ದೊರೆಗಳು ತಿಳಿಯದೆ ಕೊಂಡಿರುತ್ತಾರೆಯೇ ಎಂದರು. ಅರುಣಾಚಲಂ ಇವನ್ನೆಲ್ಲ ಭಕ್ತಿಯಿಂದ ಕೇಳಿ, ಮುಂದೆ ಬೇರೆ ಗಿರಾಕಿಗಳಿಗೆ ಹೇಳಲು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. "ಎಂಟು ದಿವಸ ನೋಡಿ ಸಾರ್. ಆಗ್ಲಿಲ್ಲಾಂದ್ರೆ ಬೋಲ್ಟಿಗೆ ಮಾತ್ತಿಕ್ಕಲಾಂ, ಬದಲಾಯಿಸ್ಕೊಡ್ತೀನಿ" ಎಂದರು. ಮುನಿವೆಂಕಟಪ್ಪ ಹೆಣ್ಣು ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ರಾಯರು ಮನೆ ಮುಟ್ಟುವ ಮೊದಲೇ ಸುದ್ದಿ ಅಗ್ರಹಾರ ಮುಟ್ಟಿತ್ತು. ಅದು ಬರುವ ದಾರಿಯಲ್ಲಿ ಸ್ವಲ್ಪ ಬೆಳೆದಿತ್ತು: ಬಂದೂಕು ಕೊಂಡದ್ದು ಮುನಿವೆಂಕಟಪ್ಪ ಅಲ್ಲ, ರಾಯರೇ.

ಮೊದಲು ಬಂದವರು ಪಕ್ಕದ ಮನೆಯ ವ್ಯಾಸರಾಜಾಚಾರ್ಯರು. ಅವರ ಹಂಚಿನ ಮೇಲೆ ದಿನವೂ ಕೋತಿಗಳ ಸಭೆ ಸೇರುತ್ತಿತ್ತು. ಆಚಾರ್ಯರು ನಡುಗುವ ದನಿಯಲ್ಲಿ ಹೇಳಿದರು: "ರಾಯರೇ, ಹಂಚು ಹೋದರೆ ಹೋಗಲಿ. ಮುಖ್ಯಪ್ರಾಣದೇವರ ಪರಿವಾರ ಅದು. ನೀವು ಬಂದೂಕು ಎತ್ತಿದರೆ ಈ ಬೀದಿ ಉದ್ಧಾರವಾಗುವುದಿಲ್ಲ."

"ನರಿಗೆ, ಆಚಾರ್ಯರೇ! ನಂಗವಳ್ಳೀಲಿ! ನರಿಗೆ!"

ಆಚಾರ್ಯರು ಕಣ್ಣು ಮುಚ್ಚಿ ಹದಿನೆಂಟು ಪುರಾಣಗಳನ್ನೂ ಮನಸ್ಸಿನಲ್ಲೇ ತಿರುವಿಹಾಕಿದರು. "ನರಿ ಯಾವ ದೇವರ ಕಡೆಯೂ ಇದ್ದ ಹಾಗೆ ಕಾಣುವುದಿಲ್ಲ" ಎಂದು ತೀರ್ಪು ಕೊಟ್ಟು, ಕೊಟ್ಟ ಕಾಫಿ ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಅಲ್ಲ, ಎಲ್ಲರೂ ಬೋಲ್ಟು ಅನ್ನುವಾಗ ತಾವೊಬ್ಬರೇ ಲಿವರು ಅಂದಿರಂತೆ. ಅದರಲ್ಲಿ ಏನೋ ಸೂಕ್ಷ್ಮ ಇರಬೇಕು" ಎಂದರು.

ಆ ಸೂಕ್ಷ್ಮ ಏನಿರಬಹುದೆಂದು ಬೀದಿ ನಾಲ್ಕು ದಿನ ಚರ್ಚಿಸಿತು. ರಾಯರಿಗೆ ಸರ್ಕಾರದಿಂದ ಗುಟ್ಟಾದ ಕಾಗದ ಬಂದಿದೆ ಎಂದರು ಕೆಲವರು. ಬದರಿ ಮಾತ್ರ ಉಯ್ಯಾಲೆಯಿಂದಲೇ ಯುದ್ಧ ಸಾರಿದ.

"ಭಾವ, ಸೂಕ್ಷ್ಮ ಗೀಕ್ಷ್ಮ ಬೇಡ. ಭಾನುವಾರ ನಂಗವಳ್ಳಿಗೆ ಹೋಗೋಣ. ಎಲ್ಲರ ಎದುರು ನೀವು ಒಂದು ಮಡಕೆ ಹೊಡೀರಿ. ಹೊಡೆದ್ರೆ ಲಿವರೇ ಸರಿ, ನಾನು ಬಾಯಿ ಮುಚ್ಕೋತೀನಿ. ಇಲ್ಲಾಂದ್ರೆ ಎಂಟು ದಿವಸ ಮುಗಿಯೋ ಮುಂಚೆ ಪಾಪ ಅವನಿಗೆ ಬೋಲ್ಟ್ ಕೊಡಿಸೋಣ."

"ಬೇಡ ಬಿಡೋ" ಎಂದು ರಾಯರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ತಾಯಿಯ ದನಿ ಬಂತು: "ನಾನೂ ಬರ್ತೀನಿ. ನಂಗವಳ್ಳಿ ನರಸಿಂಹನ್ನ ನೋಡಿ ಎಷ್ಟು ವರ್ಷ ಆಯ್ತೋ."

ತಾಯಿ ಇಲ್ಲದಿದ್ದರೆ ಜನ ಅತ್ತಿತ್ತ ತಿರುಗಿದ್ದಾಗ ಎಡಭುಜಕ್ಕಿಟ್ಟು ಹೇಗೋ ಒಂದು ಮಡಕೆ ಒಡೆದುಬಿಡಬಹುದಿತ್ತು. ಈಗ ಎಡಗೈ ಎತ್ತಿದರೆ ಮೂವತ್ತೊಂಬತ್ತು ವರ್ಷದ ಮಾತು ಅವರ ಕಣ್ಣೆದುರೇ ಹೋಗುತ್ತದೆ, ಎತ್ತದಿದ್ದರೆ ಮಾನ ಹೋಗುತ್ತದೆ. ಭಾನುವಾರದವರೆಗೆ ರಾಯರು ಹಿತ್ತಿಲಿನಲ್ಲಿ ಒನಕೆಯನ್ನು ಬಲಭುಜಕ್ಕಿಟ್ಟು ಎಡಗಣ್ಣು ಮುಚ್ಚುವ ಅಭ್ಯಾಸ ಮಾಡಿದರು. ಕಮಲಿನಿ ಅದನ್ನು ಕಿಟಕಿಯಿಂದ ನೋಡಿದಳು.

ಭಾನುವಾರ ಮೊದಲ ಬಸ್ಸಿನಲ್ಲಿ ಹೊರಟು ನಂಗವಳ್ಳಿಯಲ್ಲಿ ಇಳಿದು ದೇವಸ್ಥಾನಕ್ಕೆ ಹೋದರು. ತುಂಗಾಬಾಯಿ ಪ್ರದಕ್ಷಿಣೆ ಮುಗಿಸಿ, ಗೋಡೆಯ ಮೇಲಿದ್ದ ನರಸಿಂಹನ ಪಟದ ಮುಂದೆ ಬಹಳ ಹೊತ್ತು ನಿಂತರು. "ಬಿಸಿಲಾಗುತ್ತೆ, ಬನ್ನಿ ಅತ್ತೆ" ಎಂದು ಕಮಲಿನಿ ಎರಡು ಸಲ ಕರೆಯಬೇಕಾಯಿತು.

ಮುನಿವೆಂಕಟಪ್ಪನ ಕುರಿಹಟ್ಟಿಯ ಹತ್ತಿರ ಆಗಲೇ ಐವತ್ತು ಜನ ಸೇರಿದ್ದರು. ಬೇವಿನ ಮರದ ಕೆಳಗೆ ಬಂದೂಕಿಗೆ ಅರಿಶಿನ ಕುಂಕುಮ ಹಚ್ಚಿ, ಲಿವರಿಗೆ ಸೇವಂತಿಗೆ ಹೂ ಕಟ್ಟಿ ಕೂರಿಸಿದ್ದರು. ಪಕ್ಕದಲ್ಲಿ ಕುರ್ಚಿಯ ಮೇಲೆ ಸಬ್ ಇನ್‌ಸ್ಪೆಕ್ಟರ್ ಶಿವರಾಮನ್. ಹೊಸ ಬಂದೂಕು ಠಾಣೆಗೆ ಬಂದು ಗುರುತು ಮಾಡಿಸಿಕೊಳ್ಳಬೇಕೆಂದು ಕಾಯಿದೆ ಇದ್ದರೂ, ಮುನಿವೆಂಕಟಪ್ಪನ ಹೆಂಡತಿ ಚಿನ್ನಕ್ಕನ ರಾಗಿರೊಟ್ಟಿಯ ಖ್ಯಾತಿಯಿಂದಾಗಿ ಅವರೇ ಬಂದೂಕಿನ ಬಳಿಗೆ ಬಂದಿದ್ದರು.

ಅವರು ನೋಟ್‌ಬುಕ್ಕು ತೆರೆದು ಕೇಳಿದರು: "ಲೈಸೆನ್ಸು ಮುನಿವೆಂಕಟಪ್ಪಂದು. ಗುಂಡು ಸುಡೋದು ನೀವು. ಇದನ್ನ ಎಂಗೆ ಸಾರ್ ಬರೀಲಿ?"

"ಷರಾ ಕಾಲಮ್ಮಿನಲ್ಲಿ" ಎಂದರು ರಾಯರು. ಆ ದಿನ ಅವರು ತಡವರಿಸದೆ ಆಡಿದ ಮಾತು ಅದೊಂದೇ.

ಮೂವತ್ತು ಹೆಜ್ಜೆಯಾಚೆ ಒಂದು ಕಲ್ಲಿನ ಮೇಲೆ ಸುಣ್ಣ ಬಳಿದ ಮಡಕೆ ಇಟ್ಟಿದ್ದರು. ರಾಯರು ಹೂ ಬಿಚ್ಚಿ, ಬಂದೂಕನ್ನು ಬಲಭುಜಕ್ಕಿಟ್ಟು, ಕುಲದೇವರನ್ನು ನೆನೆದು, ಎರಡೂ ಕಣ್ಣು ಮುಚ್ಚಿ ಕುದುರೆ ಎಳೆದರು. ಠಪ್ ಎಂದಿತು. ಮಡಕೆ ನಗುತ್ತ ಕುಳಿತೇ ಇತ್ತು. ಗುಂಡು ಎಲ್ಲಿಗೆ ಹೋಯಿತೆಂಬುದು ಇಂದಿಗೂ ಗೊತ್ತಾಗಿಲ್ಲ.

"ಗಾಳಿ" ಎಂದರು ರಾಯರು.

"ಎಲೆ ಅಲ್ಲಾಡ್ತಿಲ್ಲ ಭಾವ" ಎಂದ ಬದರಿ.

ಎರಡನೇ ಗುಂಡಿಗೆ ಫಟಾರೆಂದು ಮಡಕೆ ಒಡೆದ ಸದ್ದಾಯಿತು. ಜನ ಹೋ ಎಂದರು. ರಾಯರು ಹಿಗ್ಗಿ ಕಣ್ಣು ತೆರೆದರೆ ಸುಣ್ಣದ ಮಡಕೆ ಹಾಗೇ ಇದೆ. ಒಡೆದದ್ದು ಎಡಗಡೆಯ ಗುಡಿಸಲಿನ ಸೂರಿಗೆ ನೇತುಹಾಕಿದ್ದ ಮಜ್ಜಿಗೆ ಮಡಕೆ. ಅದರ ಕೆಳಗೆ ನೆರಳಿಗೆಂದು ನಿಂತಿದ್ದ ಬದರಿ ನೆತ್ತಿಯಿಂದ ಖಾಕಿ ಚಡ್ಡಿಯವರೆಗೆ ಬೆಳ್ಳಗಾಗಿದ್ದ.

"ಅಯ್ಯಯ್ಯೋ, ಇಡೀ ದಿವ್ಸದ ಮಜ್ಗೆ ಓತು ಸಾಮಿ!" ಎಂದು ಚಿನ್ನಕ್ಕ ಬಾಯಿ ಬಡಿದುಕೊಂಡಳು. "ಒಡೀಬೇಕಾದ್ದು ಆ ಮಡಕೆ, ಇದಲ್ಲ!"

ಶಿವರಾಮನ್ ಬರೆದುಕೊಳ್ಳುತ್ತಲೇ ನ್ಯಾಯ ಹೇಳಿದರು: "ಇರಮ್ಮ. ಮಡಕೆ ಅಂತ ಹೇಳಿದ್ರು, ಮಡಕೆ ಹೊಡ್ದಿದ್ದಾರೆ. ಯಾವ ಮಡಕೆ ಅಂತ ಮೊದಲೇ ರೆಕಾರ್ಡ್ ಮಾಡಿರ್ಲಿಲ್ಲ."

ಮುಖದಿಂದ ಕರಿಬೇವು ಒರೆಸಿಕೊಳ್ಳುತ್ತ ಬದರಿ ಬಂದು ಬಂದೂಕು ಕಸಿದುಕೊಂಡ. "ಕೊಡಿ ಇಲ್ಲಿ. ಪುಣೆಯ ಕೈ ನೋಡಿ" ಎಂದು ಕಾಲು ಅಗಲಿಸಿ ನಿಂತ. ಬಲಗೈ ಅಭ್ಯಾಸದ ಠೀವಿಯಿಂದ ಬೋಲ್ಟಿಗಾಗಿ ಹುಡುಕಿತು. ಬಂದೂಕಿನ ಬಲಮಗ್ಗುಲನ್ನು ಎರಡು ಸಲ ಸವರಿತು. ಇಲ್ಲದ ಬೋಲ್ಟು ಸಿಗಲಿಲ್ಲ. ಆಮೇಲೆ ಲಿವರಿನ ನೆನಪಾಗಿ ಅದನ್ನು ಕೆಳಕ್ಕೆಳೆದು, ಸಂದಿಯಲ್ಲಿ ಏನಿದೆಯೆಂದು ಹೆಬ್ಬೆರಳಿನಿಂದ ನೋಡಿ, ಮೇಲಕ್ಕೆ ಮುಚ್ಚಿದ.

ಹೆಬ್ಬೆರಳು ಒಳಗೇ ಇತ್ತು. ಬದರಿ ಕೂಗಿದ ಕೂಗು ಮೇಚೇರಿಗೆ ಕೇಳಿಸಿತೆಂದು ಅಲ್ಲಿಯವರು ಆಮೇಲೆ ಹೇಳಿದರು.

ಮುನಿವೆಂಕಟಪ್ಪ ಬೆರಳು ಬಿಡಿಸಿದ, ಚಿನ್ನಕ್ಕ ಅರಿಶಿನ ಮೆತ್ತಿದಳು, ಕಮಲಿನಿ ತಮ್ಮನ ತಲೆ ಹಿಡಿದುಕೊಂಡಳು. ಐವತ್ತು ಜನರೂ ಒಂದು ಹೆಬ್ಬೆರಳಿನ ಸುತ್ತ ನೆರೆದರು. ಬಂದೂಕನ್ನು ಯಾರೋ ರಾಯರ ಕೈಗೆ ತುರುಕಿದರು. ಅವರೊಬ್ಬರೇ ಗುಂಪಿನ ಹೊರಗೆ, ಒಡೆಯದ ಮಡಕೆಯನ್ನು ನೋಡುತ್ತ ನಿಂತಿದ್ದರು. ಎಂಟು ದಿವಸಕ್ಕೆ ಇನ್ನೊಂದೇ ದಿನ ಬಾಕಿ. ನಾಳೆ ಈ ಬಂದೂಕು ಅಂಗಡಿಗೆ ವಾಪಸು ಹೋಗುತ್ತದೆ. ಅದನ್ನು ನೆನೆದು ಅವರಿಗೆ ಅಳುವೇ ಬಂತು.

ಆಗ ಜಾಲಿಯ ಪೊದೆಯಿಂದ ನರಿ ಬಂತು. ಓಡಿ ಬರಲಿಲ್ಲ, ನಡೆದೇ ಬಂತು. ನಾಯಿ ಬೊಗಳಿದ್ದಕ್ಕೆ ನಿಂತು ಕೇಳಿತು. ಬೇಲಿಯಾಚೆ ತಾಯಿಯಿಂದ ಬೇರೆಯಾಗಿ ಮೇಯುತ್ತಿದ್ದ ಒಂದು ಮರಿಯ ಕಡೆಗೆ ತಿರುಗಿತು.

"ಮರಿ! ಸಾಮೀ, ಮರಿ!" ಎಂದು ಮುನಿವೆಂಕಟಪ್ಪ ದೂರದಿಂದ ಕಿರುಚಿದ.

ರಾಯರು ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಬಲಭುಜಕ್ಕಿಡುತ್ತಿದ್ದರು. ಬಂದೂಕು ಎಡಭುಜಕ್ಕೆ ಹೋಯಿತು, ಬಲಗಣ್ಣು ಮುಚ್ಚಿತು, ಎಡಗೈ ಬಳೆಯೊಳಗೆ ಹೋಯಿತು. ಚಟಕ್, ಠಪ್: ನರಿಯ ಮೂಗಿನ ಮುಂದೆ ಗೇಣುದ್ದ ಧೂಳೆದ್ದಿತು. ಚಟಕ್, ಠಪ್: ಮುಂಗಾಲ ಬುಡದಲ್ಲಿ ಧೂಳು. ಚಟಕ್, ಠಪ್: ಬಾಲದ ತುದಿಯ ನಾಲ್ಕು ಕೂದಲು ಹಾರಿದವು. ನರಿ ಬದುಕಿನಲ್ಲಿ ಮೊದಲ ಸಲ ಮರ್ಯಾದೆ ಮರೆತು ಓಡಿತು, ಅದೂ ನೇರವಾಗಿ ಓಮಲೂರಿನ ದಿಕ್ಕಿಗೆ. ರಾಯರು ಅದೇ ಉಸಿರಿನಲ್ಲಿ ತಿರುಗಿ ಇನ್ನೊಂದು ಸಲ ಎಳೆದರು. ಸುಣ್ಣದ ಮಡಕೆ ಪುಡಿಪುಡಿಯಾಯಿತು.

ರಾಯರು ತಮ್ಮ ಎಡಗೈಯನ್ನು ನೋಡಿಕೊಂಡರು. ಅದು ಇನ್ನೂ ಬಂದೂಕಿನ ಮೇಲೇ ಇತ್ತು. ಆಮೇಲೆ ತಾಯಿಯನ್ನು ನೋಡಿದರು.

"ಎಡಚ!" ಎಂದ ಬದರಿ, ಹೆಬ್ಬೆರಳನ್ನು ಮೇಲೆತ್ತಿ. "ಭಾವ ಎಡಚ! ಅದಕ್ಕೇ ಲಿವರು! ಧೂಳಂತೆ, ನರಿ ಬಲದಿಂದ ಎಡಕ್ಕೆ ಓಡುತ್ತಂತೆ! ಕಮಲೂ, ಕೇಳಿದ್ಯಾ?"

"ನಂಗೆ ಮದುವೆಯಾದ ಮೂರನೇ ದಿವಸವೇ ಗೊತ್ತು" ಎಂದಳು ಕಮಲಿನಿ. "ಹೇಳ್ಕೋಬೇಕು ಅನ್ನಿಸಿದಾಗ ಅವರೇ ಹೇಳ್ತಾರೆ ಅಂತಿದ್ದೆ. ಇಪ್ಪತ್ತೆರಡು ವರ್ಷ ಆಯ್ತು."

"ಎಡಗೈಯೋ ಬಲಗೈಯೋ, ಮರಿ ಉಳೀತಲ್ಲ ಸಾಮಿ!" ಎಂದ ಮುನಿವೆಂಕಟಪ್ಪ. ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ ಅವನ ಕಣ್ಣಲ್ಲಿ ನೀರಿತ್ತು. ಶಿವರಾಮನ್ ಪೆನ್ಸಿಲು ನಾಲಿಗೆಗೆ ತಾಗಿಸಿ, "ಷರಾ ಕಾಲಮ್ಮು ತುಂಬೋಯ್ತು ಸಾರ್" ಎಂದರು.

ರಾಯರಿಗೆ ಇದ್ಯಾವುದೂ ಕೇಳಿಸಲಿಲ್ಲ. ತಾಯಿ ಬೇವಿನ ನೆರಳಿನಿಂದ ಎದ್ದು ಬರುತ್ತಿದ್ದರು. ಅರವತ್ತೆಂಟು ವರ್ಷದ ಮುಖದಲ್ಲಿ ಸಿಟ್ಟಿದೆಯೋ ಇನ್ನೇನಿದೆಯೋ ತಿಳಿಯಲಿಲ್ಲ. ಹತ್ತಿರ ಬಂದು ನಿಂತಾಗ ರಾಯರು ಎಂಟು ವರ್ಷದ ಹುಡುಗನ ದನಿಯಲ್ಲಿ, "ತಪ್ಪಾಯ್ತಮ್ಮ, ಮರ್ತೋಯ್ತು" ಎಂದರು.

"ಕೊಡು ಇಲ್ಲಿ" ಎಂದರು ತುಂಗಾಬಾಯಿ.

"ಅತ್ತೆ, ಅದಕ್ಕೆ ತೊಗಲಿನ ಪಟ್ಟಿ ಇದೆ! ಮೈಲಿಗೆ!" ಎಂದಳು ಕಮಲಿನಿ.

"ಬಸ್ಸಿನಲ್ಲಿ ಬಂದಿದ್ದೀನಿ. ಮನೆಗೆ ಹೋಗಿ ಹೇಗೂ ಸ್ನಾನ ಆಗ್ಬೇಕು."

ಒಳಗೆ ತೋಟಾ ಇಲ್ಲವೆಂದು ಶಿವರಾಮನ್ ನೋಡಿ ತಲೆಯಾಡಿಸಿದರು. ಮುದುಕಿ ಬಂದೂಕನ್ನು ತೆಗೆದುಕೊಂಡರು. ಸೆರಗು ಸರಿಪಡಿಸಿಕೊಂಡರು. ಯಾರ ಕಡೆಗೂ ನೋಡದೆ ಅದನ್ನು ಎತ್ತಿ ಎಡಭುಜಕ್ಕಿಟ್ಟರು. ಎಡಗೈ ಬಳೆಯೊಳಗೆ ಹೋಯಿತು. ಚಟಕ್ ಚಟಕ್. ಐವತ್ತು ವರ್ಷ ಈಳಿಗೆಮಣೆಯ ಮೇಲೆ ಪಳಗಿದ ಕೈಯಂತೆ ಒಂದು ಚೂರೂ ತಡವರಿಸಲಿಲ್ಲ.

"ಹನ್ನೆರಡನೇ ವಯಸ್ಸಿಗೆ ಈ ಮನೆಗೆ ಬಂದೆ" ಎಂದರು ತುಂಗಾಬಾಯಿ, ಬಂದೂಕನ್ನು ಮಗನಿಗೆ ವಾಪಸು ಕೊಡುತ್ತ. "ಎಡಗೈಯಲ್ಲಿ ಸೌಟು ಹಿಡಿದದ್ದಕ್ಕೆ ನಮ್ಮತ್ತೆ ಮೂರು ದಿವಸ ಉಪವಾಸ ಹಾಕಿದ್ರು. ನಿಂಗೂ ಅದೇ ಬಂದಿದೆ ಅಂತ ಗೊತ್ತಾದಾಗ ಎದೆ ಒಡೆದ್ಹೋಯ್ತು. ಕಟ್ಟಿಹಾಕಿದ್ದು ನೀನು ಉಪವಾಸ ಬೀಳಬಾರದು ಅಂತ. ಐವತ್ತಾರು ವರ್ಷ ನಾನು ಅಡುಗೆಮನೆ ಬಾಗಿಲು ಹಾಕ್ಕೊಂಡದ್ದು ಮಡಿಗೆ ಅಂದ್ಕೊಂಡಿದ್ಯಾ?"

ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮತ್ತೆ ಅಂದರು: "ಬೆಳಿಗ್ಗೆ ಪಟದಲ್ಲಿ ನೋಡ್ದೆ. ನರಸಿಂಹ ಆ ರಾಕ್ಷಸನ ಹೊಟ್ಟೆ ಬಗೀವಾಗ ಒಂದೇ ಕೈಯಲ್ಲಿ ಬಗೆದಿಲ್ಲ."

ಲಿವರಿನ ಬಂದೂಕು ನಂಗವಳ್ಳಿಯಲ್ಲೇ ಉಳಿಯಿತು. ಬದರಿ ಹೆಬ್ಬೆರಳು ಕಟ್ಟಿಕೊಂಡು ಹದಿನೈದು ದಿನ ಬಂದೂಕಿನ ವಿಷಯವೇ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ರಾಯರು ಕಚೇರಿ ಊಟಕ್ಕೆ ಬಂದು ಕುಳಿತಾಗ ಅಡುಗೆಮನೆಯ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗೆ ತುಂಗಾಬಾಯಿ ಈಳಿಗೆಮಣೆಯ ಮೇಲೆ ಕುಳಿತು ಹೀರೇಕಾಯಿ ಹೆಚ್ಚುತ್ತಿದ್ದರು. ಎಡಗೈ ಸರಸರನೆ ಓಡುತ್ತಿತ್ತು. ಕಮಲಿನಿ ಹೊಸ್ತಿಲ ಬಳಿ ನಿಂತು ಅದನ್ನು ನೋಡುತ್ತಿದ್ದಳು.

ರಾಯರು ಎಲೆಯನ್ನು ನೋಡಿದರು, ತಾಯಿಯನ್ನು ನೋಡಿದರು, ಎಡಗೈಯನ್ನು ಮೆಲ್ಲನೆ ಅನ್ನದ ಕಡೆಗೆ ಚಾಚಿದರು.

ತುಂಗಾಬಾಯಿ ತಲೆ ಎತ್ತದೆಯೇ ಹೇಳಿದರು: "ಅದು ಬಂದೂಕಿಗೆ. ಊಟಕ್ಕೆ ಬಲಗೈ."